ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗೂ ಕ್ಷಯದ ಪರೀಕ್ಷೆಗೂ ಏನು ಸಂಬಂಧ?

ಪ್ರಶ್ನೆ: ನನ್ನ ಅಮ್ಮನಿಗೆ 58 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಕೈಬೆರಳು ಮಡಚಲು ಆಗುವುದಿಲ್ಲ. ಬಟ್ಟೆ ಹಿಂಡುವುದು, ಕಾಯಿ ತುರಿಯುವುದು ಬಿಟ್ಟೇ ಹೋಗಿದೆ. ಮೆಥೊಟ್ರೆಕ್ಸೇಟ್ ಮತ್ತಿತರ ಮಾತ್ರೆಗಳಿಂದ ಪೂರ್ತಿ ಹತೋಟಿಗೆ ಬರಲಿಲ್ಲ. ಈಗ ಡಾಕ್ಟರು ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಶುರು ಮಾಡೋಣ, ಅದಕ್ಕೆ ಮೊದಲು ಕ್ಷಯದ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ. ನಮ್ಮ ಮನೆಯಲ್ಲಿ ಯಾರಿಗೂ ಕ್ಷಯ ಇಲ್ಲ. ಟಿಎನ್‌ಎಫ್ ಅಂದರೆ ಒಂದು ರೋಗಾಣುವೇ? ದೇಹದ ಇಷ್ಟೊಂದು ಅಣುಗಳಲ್ಲಿ ಅದನ್ನೇ ಗುರಿ ಮಾಡಬೇಕೆಂದು ಹೇಗೆ ಗೊತ್ತಾಯಿತು? ಉರಿಯೂತವನ್ನೇ ಬುಡಸಮೇತ ನಿಲ್ಲಿಸುವ ಔಷಧ ಯಾಕೆ ಬಂದಿಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ಟಿಎನ್‌ಎಫ್ ರೋಗಾಣು ಅಲ್ಲ. ನಿಮ್ಮ ಅಮ್ಮನ ದೇಹವೇ ತಯಾರಿಸುವ ಒಂದು ಪ್ರೋಟೀನು ಅದು. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಸೋಂಕು ಬಂದಾಗ ಮೊದಲು ಕೂಗು ಹಾಕುವ ಅಣುಗಳಲ್ಲಿ ಒಂದು. ನೀವು ಕೇಳಿದ ಮೂರು ಪ್ರಶ್ನೆಗಳಿಗೂ, ಕ್ಷಯದ ಪರೀಕ್ಷೆಗೂ ಉತ್ತರ ಈ ಒಂದು ಸಂಗತಿಯಲ್ಲೇ ಇದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಉರಿಯೂತ ಎಂಬ ನಮ್ಮ ಪದ ಬಹಳ ಅರ್ಥವತ್ತಾದದ್ದು. ಉರಿಯೂ ಇದೆ, ಊತವೂ ಇದೆ. ಕ್ರಿ.ಶ. ಮೊದಲ ಶತಮಾನದಲ್ಲಿ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಬೆರಳಿಗೆ ಬೆಳಿಗ್ಗೆ ಮುಳ್ಳು ಹೊಕ್ಕರೆ ಸಂಜೆಗೆ ಆ ಜಾಗ ಕೆಂಪಗೆ ಊದಿ ಲಬಲಬ ಬಡಿದುಕೊಳ್ಳುತ್ತದೆಯಲ್ಲ, ಅದು ರಿಪೇರಿ ಕೆಲಸ. ರಕ್ತನಾಳ ಹಿಗ್ಗಿ, ಬಿಳಿ ರಕ್ತಕಣಗಳು ಆ ಜಾಗಕ್ಕೆ ಧಾವಿಸಿ, ಕೆಲಸ ಮುಗಿದ ಮೇಲೆ ಚದುರಿ ಹೋಗುತ್ತವೆ. ನಿಮ್ಮ ಅಮ್ಮನ ಬೆರಳ ಗೆಣ್ಣುಗಳಲ್ಲಿ ನಡೆಯುತ್ತಿರುವುದೂ ಇದೇ. ಮುಳ್ಳು ಮಾತ್ರ ಇಲ್ಲ. ಮುಳ್ಳಿಲ್ಲದ ಕಾರಣ ಕೆಲಸ ಮುಗಿಯುವುದೂ ಇಲ್ಲ. ಕೀಲಿನ ಒಳಪದರ ತಿಂಗಳುಗಟ್ಟಲೆ ದಪ್ಪಗಾಗುತ್ತಾ ಹೋಗಿ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸತೊಡಗುತ್ತದೆ. ಬೆಳಗಿನ ಆ ಒಂದೂವರೆ ಗಂಟೆಯ ಬಿಗಿತ ಅದರ ಗುರುತು. ರೋಗಿಯನ್ನು ನೋಡುವಾಗ ನಾನು ಮೊದಲು ಕೇಳುವುದೂ ಅದನ್ನೇ: ಎದ್ದ ಮೇಲೆ ಎಷ್ಟು ಹೊತ್ತಿಗೆ ಕೈ ಸಡಿಲವಾಗುತ್ತದೆ, ಅಮ್ಮಾ?

ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಚಿಕ್ಕ ಚಿಕ್ಕ ಪ್ರೋಟೀನುಗಳ ಮೂಲಕ. ಇವಕ್ಕೆ ಸೈಟೊಕೈನ್ ಎಂದು ಹೆಸರು. ಟಿಎನ್‌ಎಫ್ ಅವುಗಳಲ್ಲಿ ಒಂದು. ಒಂದು ಜೀವಕೋಶ ಇದನ್ನು ಹೊರಗೆ ಬಿಡುತ್ತದೆ. ಇನ್ನೊಂದು ಜೀವಕೋಶದ ಮೈಮೇಲೆ ಅದಕ್ಕೆ ಸರಿಹೊಂದುವ ಗ್ರಾಹಕ ಇರುತ್ತದೆ. ಇದು ಅಲ್ಲಿ ಹೋಗಿ ಕೂತ ತಕ್ಷಣ ಸುದ್ದಿ ಒಳಗೆ ಕೈಯಿಂದ ಕೈಗೆ ದಾಟಿ ಕೋಶಕೇಂದ್ರದ ತನಕ ಹೋಗಿ, ಇಂತಿಂಥ ಜೀನುಗಳು ಕೆಲಸ ಶುರು ಮಾಡಲಿ ಎಂಬ ಆಜ್ಞೆಯಾಗುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಅಡ್ಡ ಹಾಕಬಹುದು. ಸುದ್ದಿ ಒಯ್ಯುವ ಅಣುವನ್ನೇ ಹಿಡಿಯಬಹುದು, ಗ್ರಾಹಕವನ್ನು ಮುಚ್ಚಬಹುದು, ಜೀವಕೋಶದ ಒಳಗೆ ಸುದ್ದಿ ದಾಟಿಸುವ ಕಿಣ್ವವನ್ನು ಕಟ್ಟಿಹಾಕಬಹುದು. ಹೀಗೆ ಅಡ್ಡ ಹಾಕಲು ಆರಿಸಿಕೊಂಡ ಅಣುವೇ ಔಷಧದ ಗುರಿ.

ಹಳೆಯ ಔಷಧಗಳು ಈ ಕ್ರಮದಲ್ಲಿ ಬಂದವಲ್ಲ. ಅವು ಮೊದಲು ಕೆಲಸ ಮಾಡಿದವು, ಎಲ್ಲಿ ಕೆಲಸ ಮಾಡುತ್ತವೆ ಎಂಬುದು ಆಮೇಲೆ ತಿಳಿಯಿತು. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಪ್ರೊಸ್ಟಗ್ಲಾಂಡಿನ್ ಎಂಬ ನೋವಿನ ರಾಸಾಯನಿಕ ತಯಾರಾಗದಂತೆ ತಡೆಯುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ನಡುವೆ ಎಪ್ಪತ್ತೆರಡು ವರ್ಷ ಜಗತ್ತೆಲ್ಲ ಅದನ್ನು ನುಂಗುತ್ತಲೇ ಇತ್ತು. ನಿಮ್ಮ ಅಮ್ಮ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಕೂಡ ಸಂಧಿವಾತಕ್ಕೆಂದು ಹುಟ್ಟಿದ್ದಲ್ಲ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲಿ ಪ್ರಯೋಗಾಲಯದಲ್ಲಿ ರಕ್ತದ ಕ್ಯಾನ್ಸರಿಗೆ ಮದ್ದು ಹುಡುಕುವಾಗ ತಯಾರಾದ ಅಣು ಅದು. ತೀರಾ ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಟ್ಟರೆ ಕೀಲುಗಳ ಉರಿಯೂತ ಇಳಿಯುತ್ತದೆ ಎಂಬುದು ಅನುಭವದಿಂದ ಸಿಕ್ಕ ಪಾಠ.

ಟಿಎನ್‌ಎಫ್ ಕಥೆ ಇದಕ್ಕೆ ತಿರುವುಮುರುವು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ‘ಹೇಗೆ ಗೊತ್ತಾಯಿತು’ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಟಿಎನ್‌ಎಫ್ ಎಂದರೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್. 1975ರಲ್ಲಿ ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ಅವರ ತಂಡ ಇಲಿಗಳ ಗಡ್ಡೆಯನ್ನು ಕೊಳೆಯಿಸಿ ಸಾಯಿಸುವ ಅಂಶವೊಂದನ್ನು ಗುರುತಿಸಿ ಈ ಹೆಸರಿಟ್ಟಿತು. ಹೆಸರು ಕೇಳಿ ಎಷ್ಟೋ ರೋಗಿಗಳು ಗಾಬರಿಯಾಗಿ, ಡಾಕ್ಟರೇ, ನನಗೆ ಕ್ಯಾನ್ಸರ್ ಇದೆಯೇ ಎಂದು ಕೇಳುವುದುಂಟು. ನಿಮ್ಮ ಅಮ್ಮನಿಗೂ ಯಾರಾದರೂ ಹಾಗೆ ಹೇಳಿದರೆ ಧೈರ್ಯ ಹೇಳಿ. ಇದು ಹುಟ್ಟಿನ ಹೆಸರು ಅಷ್ಟೆ. ಈ ಅಣುವಿನ ದಿನನಿತ್ಯದ ಕೆಲಸ ಉರಿಯೂತ ಎಬ್ಬಿಸುವುದು.

1980ರ ದಶಕದಲ್ಲಿ ಲಂಡನ್ನಿನಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡತೊಡಗಿದರು. ಒಬ್ಬರು ಮಾರ್ಕ್ ಫೆಲ್ಡ್‌ಮನ್, ಪ್ರಯೋಗಾಲಯದ ಮನುಷ್ಯ. ಇನ್ನೊಬ್ಬರು ರವೀಂದರ್ ಮೈನಿ, ಲುಧಿಯಾನದಲ್ಲಿ ಹುಟ್ಟಿದವರು, ಸಂಧಿವಾತದ ವೈದ್ಯರು. ಆ ಹೊತ್ತಿಗೆ ರೋಗಿಗಳ ಕೀಲಿನೊಳಗೆ ಹತ್ತಾರು ಸೈಟೊಕೈನ್‌ಗಳು ಕಂಡುಬಂದಿದ್ದವು. ತಜ್ಞರಲ್ಲಿ ಬಹುಪಾಲು ಜನರ ಅಭಿಪ್ರಾಯ ಹೀಗಿತ್ತು: ಇಷ್ಟೊಂದು ಇರುವಾಗ ಒಂದನ್ನು ತಡೆದು ಏನು ಪ್ರಯೋಜನ? ಅದರ ಕೆಲಸವನ್ನು ಮತ್ತೊಂದು ಮಾಡುತ್ತದೆ. ಮಾತು ತರ್ಕಬದ್ಧವಾಗಿಯೇ ಇತ್ತು.

ಫೆಲ್ಡ್‌ಮನ್ ಮತ್ತು ಮೈನಿ ಪ್ರಾಣಿಗಳ ಬದಲು ಮನುಷ್ಯರ ರೋಗದಿಂದಲೇ ಶುರು ಮಾಡಿದರು. ಕೀಲಿನ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳಿಂದ ತೆಗೆದ ಒಳಪದರವನ್ನು ಬಿಡಿಸಿ, ಅದರ ಜೀವಕೋಶಗಳನ್ನು ತಟ್ಟೆಯಲ್ಲಿ ಇಟ್ಟು ಬೆಳೆಸಿದರು. ಅವು ಯಾರೂ ಕೆರಳಿಸದೆಯೇ ತಮ್ಮಷ್ಟಕ್ಕೆ ಸೈಟೊಕೈನ್‌ಗಳನ್ನು ಸುರಿಸುತ್ತಲೇ ಇದ್ದವು. ರೋಗದ ಒಂದು ತುಣುಕು ತಟ್ಟೆಯಲ್ಲಿ ಬದುಕಿತ್ತು ಎನ್ನಬಹುದು. ಅದಕ್ಕೆ ಟಿಎನ್‌ಎಫ್ ಅನ್ನು ಹಿಡಿದುಕೊಳ್ಳುವ ಪ್ರತಿಕಾಯ ಹಾಕಿದಾಗ ಟಿಎನ್‌ಎಫ್ ಜೊತೆಗೆ ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದು ಪ್ರಬಲ ಅಣುವೂ ಇಳಿದುಹೋಯಿತು. 1989ರಲ್ಲಿ ಫಿಯೊನುಲಾ ಬ್ರೆನನ್ ಮೊದಲ ಲೇಖಕಿಯಾಗಿ ಇದು ಪ್ರಕಟವಾಯಿತು. ಅಂದರೆ ಆ ಹತ್ತಾರು ಅಣುಗಳು ಸಾಲಾಗಿ ಸಮಾನರಾಗಿ ನಿಂತಿರಲಿಲ್ಲ. ಅವುಗಳಲ್ಲಿ ಮೇಲು ಕೆಳಗು ಇತ್ತು. ಟಿಎನ್‌ಎಫ್ ಮೇಲಿನಿಂದ ತಳ್ಳುತ್ತಿತ್ತು, ಉಳಿದವು ಉರುಳುತ್ತಿದ್ದವು.

ಔಷಧ ಬೇಕಲ್ಲ? ಅಮೆರಿಕದ ಸೆಂಟೊಕಾರ್ ಕಂಪನಿಯ ಬಳಿ ನಂಜೇರಿಕೆಗೆಂದು ತಯಾರಿಸಿದ ಟಿಎನ್‌ಎಫ್ ಪ್ರತಿಕಾಯವೊಂದು ಇತ್ತು. ಭಾಗಶಃ ಇಲಿಯದು, ಭಾಗಶಃ ಮನುಷ್ಯರದು. ಅದನ್ನು ತರಿಸಿಕೊಂಡು 1992ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಇಪ್ಪತ್ತು ರೋಗಿಗಳಿಗೆ ಕೊಟ್ಟರು. ಬೇರೆ ಯಾವ ಮಾತ್ರೆಗೂ ಬಗ್ಗದೆ ಹೋದ ರೋಗ ಅವರದು. ಕೆಲವೇ ದಿನಗಳಲ್ಲಿ ಬಿಗಿತ, ನೋವು, ಸುಸ್ತು ಇಳಿದವು. ರಕ್ತದಲ್ಲಿ ಉರಿಯೂತದ ಅಳತೆಯೂ ಇಳಿಯಿತು. ಕೆಲವು ವಾರ ಕಳೆದ ಮೇಲೆ ನೋವು ಮರಳಿತು. ಮತ್ತೆ ಕೊಟ್ಟಾಗ ಮತ್ತೆ ತಗ್ಗಿತು. ಕಾಕತಾಳೀಯ ಎನ್ನಲು ಇನ್ನು ಜಾಗ ಕಡಿಮೆ ಇತ್ತು. ಆದರೂ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. 73 ರೋಗಿಗಳಲ್ಲಿ, ಯಾರಿಗೆ ಔಷಧ ಯಾರಿಗೆ ಬರೀ ದ್ರವ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪರೀಕ್ಷೆ ಮಾಡಿದರು. ನಾಲ್ಕನೆಯ ವಾರದಲ್ಲಿ ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಶೇಕಡಾ 79 ಮಂದಿಗೆ ಗುಣ ಕಂಡಿತ್ತು, ಬರೀ ದ್ರವ ಪಡೆದವರಲ್ಲಿ ಶೇಕಡಾ 8 ಮಂದಿಗೆ. ಇದು ಪ್ರಕಟವಾದದ್ದು 1994ರಲ್ಲಿ. ಆ ಔಷಧವೇ ಇನ್‌ಫ್ಲಿಕ್ಸಿಮ್ಯಾಬ್. ಅದರ ಹಿಂದೆಯೇ ಎಟನರ್ಸೆಪ್ಟ್, ಅಡಲಿಮ್ಯುಮ್ಯಾಬ್ ಬಂದವು. ನಿಮ್ಮ ಡಾಕ್ಟರು ಬರೆಯುವುದು ಬಹುಶಃ ಇವುಗಳಲ್ಲಿ ಒಂದನ್ನು.

ಇಂಜೆಕ್ಷನ್ನೇ ಯಾಕೆ, ಮಾತ್ರೆ ಯಾಕಿಲ್ಲ ಎಂದು ಅಮ್ಮ ಕೇಳಬಹುದು. ಪ್ರತಿಕಾಯ ಎಂಬುದು ಆಸ್ಪಿರಿನ್ ಅಣುವಿಗಿಂತ ಸುಮಾರು 800 ಪಟ್ಟು ಭಾರದ ಪ್ರೋಟೀನು. ಬಾಯಲ್ಲಿ ಹಾಕಿದರೆ ಬೇಳೆಯಂತೆ, ಮೊಟ್ಟೆಯಂತೆ ಜೀರ್ಣವಾಗಿ ಹೋಗುತ್ತದೆ. ಹಾಗಾಗಿ ಚುಚ್ಚಿಯೇ ಕೊಡಬೇಕು.

ಈಗ ನಿಮ್ಮ ಕೊನೆಯ ಪ್ರಶ್ನೆ. ಉರಿಯೂತವನ್ನೇ ಪೂರ್ತಿ ನಿಲ್ಲಿಸುವ ಔಷಧ ಯಾಕಿಲ್ಲ? ಅದಕ್ಕೆ ಹತ್ತಿರದ್ದು ಇದೆ, ಅದರ ಬೆಲೆಯೂ ನಮಗೆ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಹಾಸಿಗೆ ಹಿಡಿದ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. ಆದರೆ ಸ್ಟೀರಾಯ್ಡ್ ಒಂದೇ ಹೊಡೆತಕ್ಕೆ ನೂರಾರು ಜೀನುಗಳ ಮೇಲೆ ಕೈಯಿಡುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಹತ್ತುತ್ತದೆ. ನಮ್ಮ ಹಳ್ಳಿಗಳಲ್ಲಿ ‘ಎರಡೇ ದಿನಕ್ಕೆ ನೋವು ಮಾಯ’ ಎಂದು ಹೆಸರಿಲ್ಲದ ಪೊಟ್ಟಣ ಕೊಡುವವರ ಪುಡಿಯಲ್ಲಿ ಎಷ್ಟೋ ಸಲ ಇರುವುದು ಈ ಸ್ಟೀರಾಯ್ಡೇ. ಅದನ್ನು ವರ್ಷಗಟ್ಟಲೆ ತಿಂದು, ಬೆನ್ನುಮೂಳೆ ಕುಸಿದು ಬಂದವರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ.

ಜೀವಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಇದೆ. 1986ರಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ರಂಜನ್ ಸೆನ್ ಇದನ್ನು ಕಂಡುಹಿಡಿದರು. ಉರಿಯೂತದ ಬಹುತೇಕ ದಾರಿಗಳು ಇದರ ಮೂಲಕವೇ ಹಾದುಹೋಗುತ್ತವೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಆದರೆ ಜೀವಕೋಶ ಬದುಕಿ ಉಳಿಯುವುದಕ್ಕೂ ಅದೇ ಬೇಕು, ಸೋಂಕಿನ ವಿರುದ್ಧ ಹೋರಾಡುವುದಕ್ಕೂ ಅದೇ ಬೇಕು. ಅದನ್ನು ಪೂರ್ತಿ ಮುಚ್ಚುವ ಔಷಧ ಸಂಧಿವಾತಕ್ಕೆ ಬರದೇ ಇರಲು ಇದೇ ಕಾರಣ. ಅರಿಶಿನದ ಕರ್ಕ್ಯುಮಿನ್ ಇದನ್ನು ತಟ್ಟೆಯಲ್ಲಿ ತಡೆಯುತ್ತದೆ ಎಂಬ ಮಾತು ನೀವೂ ಓದಿರಬಹುದು. ತಿಂದ ಅರಿಶಿನದಲ್ಲಿ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ತೀರಾ ಕಡಿಮೆ. ಅಡುಗೆಗೆ ಹಾಕಿ, ಔಷಧದ ಬದಲಿಗೆ ಬೇಡ.

ಇನ್ನೊಂದು ಸಂಗತಿ. ಒಂದೇ ಅಣು ಎಲ್ಲ ಉರಿಯೂತಕ್ಕೂ ಯಜಮಾನ ಅಲ್ಲ. ಟಿಎನ್‌ಎಫ್ ತಡೆಯುವ ಔಷಧಗಳನ್ನು ಮೊದಲು ಪ್ರಯೋಗಿಸಿದ ನಂಜೇರಿಕೆಯಲ್ಲಿ ಅವು ನಿರೀಕ್ಷಿಸಿದಂತೆ ಜೀವ ಉಳಿಸಲಿಲ್ಲ. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ರೋಗ ಹೆಚ್ಚೇ ಕೆರಳಿತು. ಸೋರಿಯಾಸಿಸ್ ಚರ್ಮರೋಗಕ್ಕೆ ಇಂಟರ್‌ಲ್ಯೂಕಿನ್-17 ತಡೆಯುವ ಔಷಧ ಅದ್ಭುತವಾಗಿ ಕೆಲಸ ಮಾಡುತ್ತದೆ. ಅದನ್ನೇ ಕರುಳಿನ ಕ್ರೋನ್ಸ್ ಕಾಯಿಲೆಗೆ ಕೊಟ್ಟಾಗ ಕೆಲವರಲ್ಲಿ ಉಲ್ಬಣವಾಯಿತು. ಚರ್ಮದಲ್ಲಿ ಕೆಡಿಸುವ ಅಣು ಕರುಳಿನಲ್ಲಿ ಕಾಯುತ್ತಿತ್ತು. ತಟ್ಟೆಯಲ್ಲಿ ನೋಡಿ, ಇಲಿಯಲ್ಲಿ ನೋಡಿ ಇದನ್ನು ಖಚಿತವಾಗಿ ಹೇಳಲಾಗುವುದಿಲ್ಲ. ಕೊನೆಗೆ ಗೊತ್ತಾಗುವುದು ರೋಗಿಯಲ್ಲೇ.

ಪ್ರಾಣಿಯಲ್ಲಿ ಸುರಕ್ಷಿತವಾಗಿದ್ದು ಮನುಷ್ಯನಲ್ಲಿ ಎಷ್ಟು ಭೀಕರವಾಗಬಹುದು ಎಂಬುದಕ್ಕೆ 2006ರ ಮಾರ್ಚ್ 13ರ ಲಂಡನ್ನಿನ ಘಟನೆ ಸಾಕ್ಷಿ. ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತ ಯುವಕರಿಗೆ ಮೊದಲ ಬಾರಿ ಕೊಟ್ಟರು. ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ ಜೀವಕೋಶಗಳ ಮೇಲಿರುವ ಸಿಡಿ28 ಎಂಬ ಗ್ರಾಹಕ ಅದರ ಗುರಿ. ಉರಿಯೂತ ತಣಿಸುವ ಜೀವಕೋಶಗಳನ್ನು ಹೆಚ್ಚಿಸುತ್ತದೆ ಎಂಬ ಆಸೆ ಇತ್ತು. ಕೋತಿಗಳಲ್ಲಿ ಸುರಕ್ಷಿತವಾಗಿದ್ದ ಪ್ರಮಾಣಕ್ಕಿಂತ 500 ಪಟ್ಟು ಕಡಿಮೆ ಕೊಟ್ಟಿದ್ದರು. ಒಂದೂವರೆ ಗಂಟೆಯೊಳಗೆ ತಲೆನೋವು, ನಡುಕ, ಜ್ವರ. ರಕ್ತದೊತ್ತಡ ಕುಸಿಯಿತು, ಅಂಗಾಂಗಗಳು ಸೋತವು. ಆರೂ ಮಂದಿ ಐಸಿಯು ಸೇರಿದರು. ಜೀವ ಉಳಿಯಿತು, ಒಬ್ಬನ ಕಾಲ್ಬೆರಳುಗಳೂ ಕೈಬೆರಳ ತುದಿಗಳೂ ಹೋದವು. ಆಮೇಲೆ ತಿಳಿದದ್ದು: ಪರೀಕ್ಷೆಗೆ ಬಳಸಿದ ಕೋತಿಗಳಲ್ಲಿ ಒಂದು ಬಗೆಯ ಟಿ ಜೀವಕೋಶಗಳ ಮೇಲೆ ಆ ಸಿಡಿ28 ಗ್ರಾಹಕವೇ ಇರಲಿಲ್ಲ. ಮನುಷ್ಯರಲ್ಲಿ ಇತ್ತು. ಅಂದಿನಿಂದ ಹೊಸ ಪ್ರತಿಕಾಯವನ್ನು ಮನುಷ್ಯರಿಗೆ ಮೊದಲು ಕೊಡುವಾಗ ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಇನ್ನೊಬ್ಬರಿಗೆ ಎಂಬ ನಿಯಮ ಬಿಗಿಯಾಯಿತು. ಆ ಆರು ಯುವಕರ ಋಣ ಇಂದಿನ ಪ್ರತಿಯೊಂದು ಹೊಸ ಇಂಜೆಕ್ಷನ್ನಿನ ಮೇಲೂ ಇದೆ.

ಟಿ ಜೀವಕೋಶದ ಇನ್ನೊಂದು ಗ್ರಾಹಕ ಸಿಡಿ6. ಅದನ್ನು ಗುರಿ ಮಾಡಿದ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಕ್ಯೂಬಾದ ಸಂಸ್ಥೆಯ ಜೊತೆ ಸೇರಿ ಬೆಂಗಳೂರಿನ ಬಯೋಕಾನ್ ಬೆಳೆಸಿತು. 2013ರಲ್ಲಿ ಸೋರಿಯಾಸಿಸ್‌ಗೆ ಅದು ನಮ್ಮ ದೇಶದಲ್ಲಿ ಬಂತು. ಅಡಲಿಮ್ಯುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧಕ್ಕೆ ಸಮನಾದ ಕಡಿಮೆ ಬೆಲೆಯ ಪ್ರತಿರೂಪ, ಬಂದದ್ದೂ ಭಾರತದಲ್ಲೇ, 2014ರ ಡಿಸೆಂಬರಿನಲ್ಲಿ, ಅಹಮದಾಬಾದಿನ ಜೈಡಸ್‌ನಿಂದ. ನಿಮ್ಮ ಡಾಕ್ಟರು ಬಯೋಸಿಮಿಲರ್ ಬರೆದರೆ ಹಿಂಜರಿಯಬೇಡಿ.

ಮಾತ್ರೆಯ ರೂಪದಲ್ಲೂ ಗುರಿ ಹಿಡಿದು ಹೊಡೆಯುವ ಔಷಧ ಬಂದಿದೆ. ಜೀವಕೋಶದೊಳಗೆ ಸುದ್ದಿ ದಾಟಿಸುವ ಜ್ಯಾಕ್ ಎಂಬ ನಾಲ್ಕು ಕಿಣ್ವಗಳಿವೆ. ಅವುಗಳಲ್ಲಿ ಜ್ಯಾಕ್-3 ಇಲ್ಲದೆ ಹುಟ್ಟುವ ಮಕ್ಕಳಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ, ದೇಹದ ಉಳಿದ ಭಾಗ ಮಾತ್ರ ಸರಿಯಾಗಿರುತ್ತದೆ. ಈ ದುಃಖದ ಸಂಗತಿಯಿಂದಲೇ, ಇದನ್ನು ಸ್ವಲ್ಪ ಮಾತ್ರ ತಡೆದರೆ ಹೇಗೆ ಎಂಬ ಯೋಚನೆ ಹುಟ್ಟಿ 2012ರಲ್ಲಿ ಟೊಫಾಸಿಟಿನಿಬ್ ಬಂತು. ಅಗ್ಗವೂ ಹೌದು. ಆದರೆ ಐವತ್ತು ದಾಟಿದ, ಹೃದಯದ ಅಪಾಯವಿರುವವರಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ಟಿಎನ್‌ಎಫ್ ಇಂಜೆಕ್ಷನ್ ಪಡೆದವರಿಗಿಂತ ಈ ಮಾತ್ರೆ ತಿಂದವರಲ್ಲಿ ಹೃದಯಾಘಾತದಂಥ ತೊಂದರೆ, ಕ್ಯಾನ್ಸರ್ ಹೆಚ್ಚು ಕಂಡವು. ಅಮ್ಮನಿಗೆ 58. ಬಿಪಿ, ಸಕ್ಕರೆ ಇದ್ದರೆ ಡಾಕ್ಟರಿಗೆ ಹೇಳಿ. ಅವರು ಇಂಜೆಕ್ಷನ್ನಿನ ಕಡೆ ಒಲವು ತೋರಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಕ್ಷಯದ ಪರೀಕ್ಷೆಗೆ ಬರೋಣ. ಕ್ಷಯದ ಬ್ಯಾಕ್ಟೀರಿಯಾ ಒಳಗೆ ಹೋದವರೆಲ್ಲ ಕೆಮ್ಮುವುದಿಲ್ಲ, ತೆಳ್ಳಗಾಗುವುದಿಲ್ಲ. ಬಹುಪಾಲು ಜನರಲ್ಲಿ ಬಿಳಿ ರಕ್ತಕಣಗಳು ಅದನ್ನು ಸುತ್ತುವರಿದು ಗಟ್ಟಿ ಬೇಲಿ ಕಟ್ಟಿ ಕೂಡಿಹಾಕುತ್ತವೆ. ಬ್ಯಾಕ್ಟೀರಿಯಾ ಒಳಗೆ ಸಾಯದೆ, ಹೊರಗೆ ಬಾರದೆ ಹತ್ತಾರು ವರ್ಷ ಮಲಗಿರಬಹುದು. ಚಿಕ್ಕಂದಿನಲ್ಲಿ ಬಸ್ಸಿನಲ್ಲೋ ಶಾಲೆಯಲ್ಲೋ ಯಾರಿಂದಲೋ ಹತ್ತಿರಬಹುದು. ಮನೆಯಲ್ಲಿ ಯಾರಿಗೂ ಇಲ್ಲ ಎಂಬ ಮಾತು ಇಲ್ಲಿ ನೆರವಿಗೆ ಬರುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ.

ಆ ಬೇಲಿಯನ್ನು ಬಿಗಿಯಾಗಿ ಹಿಡಿದಿಡುವ ಅಣು ಟಿಎನ್‌ಎಫ್.

ನಿಮ್ಮ ಅಮ್ಮನ ಬೆರಳುಗಳಲ್ಲಿ ಕೇಡು ಮಾಡುತ್ತಿರುವ ಅಣುವೇ ಅವರ ಎದೆಯಲ್ಲಿ ಕಾವಲು ಕೂತಿರಬಹುದು. ಇಂಜೆಕ್ಷನ್ನಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ. 2001ರಲ್ಲಿ ಅಮೆರಿಕದ ವೈದ್ಯರು ಇನ್‌ಫ್ಲಿಕ್ಸಿಮ್ಯಾಬ್ ಪಡೆದ ಸುಮಾರು 1,47,000 ಮಂದಿಯಲ್ಲಿ ವರದಿಯಾದ 70 ಕ್ಷಯದ ಪ್ರಕರಣಗಳನ್ನು ಪ್ರಕಟಿಸಿದರು. ಹೆಚ್ಚಿನವು ಮೊದಲ ಮೂರು ಇಂಜೆಕ್ಷನ್ನುಗಳ ಒಳಗೇ ಶುರುವಾಗಿದ್ದವು. ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಕ್ಷಯ ಶ್ವಾಸಕೋಶದ ಹೊರಗೆ ಹರಡಿತ್ತು. ಮೊದಲೇ ಪರೀಕ್ಷೆ ಮಾಡುವ ಪದ್ಧತಿ ಗಟ್ಟಿಯಾದದ್ದು ಇದರ ನಂತರ.

ಆದ್ದರಿಂದ ಎದೆಯ ಎಕ್ಸ್‌ರೇ, ಜೊತೆಗೆ ಡಾಕ್ಟರು ಹೇಳಿದಂತೆ ತೋಳಿನ ಮಾಂಟೂ ಪರೀಕ್ಷೆ ಅಥವಾ ರಕ್ತದ ಇಗ್ರಾ ಪರೀಕ್ಷೆ ತಪ್ಪದೆ ಮಾಡಿಸಿ. ಮಲಗಿರುವ ಕ್ಷಯ ಕಂಡರೂ ಹೆದರಬೇಡಿ. ತಡೆಗಟ್ಟುವ ಮಾತ್ರೆ ಶುರು ಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ಶುರುವಾದ ಮೇಲೆ ಎರಡು ವಾರ ಮೀರಿ ಕೆಮ್ಮು, ಸಂಜೆ ಜ್ವರ, ತೂಕ ಇಳಿತ, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಡಾಕ್ಟರನ್ನು ನೋಡಿ. ಮೆಥೊಟ್ರೆಕ್ಸೇಟ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ವಾರಕ್ಕೆ ಒಂದೇ ದಿನದ ಮಾತ್ರೆ. ಪ್ರತಿದಿನ ತಿಂದರೆ ಜೀವಕ್ಕೇ ಅಪಾಯ. ಮನೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.